ಡಾಕ್ಟರ ಮುಂದೆ ಚೆನ್ನಾಗಿ ಕಾಣಲಿ ಅಂತ

ಭಾವನ ಎಡಗಣ್ಣಿನ ರೆಪ್ಪೆ ಇಳಿಬಿದ್ದಾಗ ನಾನು ಸುಮ್ಮನಿರಲಿಲ್ಲ. "ಏನು ಭಾವ, ಗಿರಾಕಿಗಳಿಗೆ ಕಣ್ಣು ಹೊಡೀತಿದ್ದೀರಾ? ಅಕ್ಕನಿಗೆ ಹೇಳ್ಲಾ?" ಎಂದೆ. ಅಕ್ಕನ ಗಂಡನನ್ನು ಗೋಳುಹೊಯ್ದುಕೊಳ್ಳುವ ಹಕ್ಕು ನನ್ನದು. ಅವರ ಕ್ಷೌರದಂಗಡಿಯಲ್ಲಿ ಎರಡನೇ ಕುರ್ಚಿಯ ಕೆಲಸವೂ ನನ್ನದೇ. ಭಾವ ನಕ್ಕರು. ಆ ನಗುವೂ ಒಂಥರಾ ಸೊಟ್ಟಗಿತ್ತು.

ಆಮೇಲೆ ಅವರ ಕೈ ಸೋಲತೊಡಗಿತು. ಬೆಳಿಗ್ಗೆ ಮೊದಲ ಗಿರಾಕಿಯ ಗಲ್ಲದ ಮೇಲೆ ನೀರು ಕುಡಿದಷ್ಟು ಸಲೀಸಾಗಿ ಓಡುತ್ತಿದ್ದ ಕತ್ತಿ ಮಧ್ಯಾಹ್ನದ ಹೊತ್ತಿಗೆ ಕಿವಿಯ ಎತ್ತರಕ್ಕೂ ಏರುತ್ತಿರಲಿಲ್ಲ. ಕೂತು ಸುಧಾರಿಸಿಕೊಂಡರೆ ಇನ್ನೊಂದು ತಲೆ, ಅಷ್ಟೇ. ಒಂದು ದಿನ ಯಾರದೋ ಕತ್ತು ಗೀರಿ ರಕ್ತ ಬಂತು. ಅಂದೇ ಭಾವ ಕತ್ತಿ ಒರೆಸಿ ಒಳಗಿಟ್ಟರು.

ನರರೋಗದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಬಿಡಿಸಿ ಹೇಳಿದರು. "ಕೈ ಎತ್ತು ಅಂತ ನರ ಸರಿಯಾಗೇ ಹೇಳ್ತಿದೆ. ಸ್ನಾಯುವಿಗೆ ಅದು ತಲುಪ್ತಿಲ್ಲ. ನರದಿಂದ ಹೊರಟ ರಾಸಾಯನಿಕ ಬಂದು ಕೂರೋಕೆ ಸ್ನಾಯುವಿನ ಮೇಲೆ ಜಾಗಗಳಿವೆ. ರೋಗಾಣು ಹೊಡೆಯೋಕೆ ಅಂತ ಮೈ ತಯಾರಿಸೋ ಪ್ರತಿಕಾಯಗಳು ದಾರಿ ತಪ್ಪಿ ಆ ಜಾಗಗಳನ್ನೇ ಮುಚ್ಚಿ ಹಾಳು ಮಾಡ್ತಿವೆ. ಅದಕ್ಕೇ ಸ್ವಲ್ಪ ಕೆಲಸಕ್ಕೆಲ್ಲ ಬಲ ಬತ್ತಿಹೋಗುತ್ತೆ."

"ಕಾವಲಿನೋರೇ ಮನೆಗೆ ಕನ್ನ ಹಾಕಿದಂಗಾಯ್ತು," ಎಂದೆ. ಯಾರೂ ನಗಲಿಲ್ಲ. ಭಾವ ಕೇಳಿದ್ದು ಒಂದೇ ಮಾತು: "ಮತ್ತೆ ಕತ್ತಿ ಹಿಡೀಬಹುದಾ?"

"ಹತೋಟಿಗೆ ಬಂದ್ರೆ ಹಿಡೀಬಹುದು. ಪ್ರತಿಕಾಯ ತಗ್ಗಿಸೋ ಮಾತ್ರೆ ಕೊಡ್ತೀನಿ. ನೀವು ಹುಷಾರಾದ ಹಾಗೆ ಇಳಿಸ್ತಾ ಹೋಗೋಣ."

ಅಕ್ಕ ಆ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಮಾತ್ರೆ ಇಳಿದರೆ ರೋಗವೂ ಇಳಿದಂತೆ ಎಂದು ಅವಳ ನಂಬಿಕೆ. ಮೇಲಾಗಿ ನಮ್ಮದು ಬಂದವರನ್ನೆಲ್ಲ ಲಕ್ಷಣವಾಗಿ ಮಾಡಿ ಕಳಿಸುವ ಮನೆ. ಸೋತ ಮುಖ ಹೊತ್ತು ಇನ್ನೊಬ್ಬರ ಮುಂದೆ ನಿಲ್ಲುವುದೆಂದರೆ ಅವಳಿಗೆ ಆಗದು. ಇದ್ದಬದ್ದ ಬಲ ಉಳಿಯಲಿ ಅಂತ ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಭಾವ ಹಾಸಿಗೆ ಬಿಟ್ಟು ಏಳುವಂತಿಲ್ಲ, ಮಾತಾಡುವಂತಿಲ್ಲ. ಅವರ ಗಡ್ಡ ಹೆರೆಯುವುದು ನನ್ನ ಪಾಲು. ಸ್ವಲ್ಪ ಹೊತ್ತಿನ ಮಟ್ಟಿಗೆ ಕಸುವು ಕೊಡಲು ಡಾಕ್ಟರೇ ಬರೆದಿದ್ದ ಇನ್ನೊಂದು ಮಾತ್ರೆಯನ್ನು ಹೊರಡುವ ಮುನ್ನ ಅವಳೇ ನುಂಗಿಸುತ್ತಿದ್ದಳು.

ಭಾವ ಮದುಮಗನ ಹಾಗೆ ಡಾಕ್ಟರ ಕೋಣೆಗೆ ನಡೆದು ಹೋಗುತ್ತಿದ್ದರು. ಕೈ ಚಾಚಿ ಎಂದರೆ ಚಾಚುತ್ತಿದ್ದರು, ಮೇಲೆ ನೋಡಿ ಎಂದರೆ ನೋಡುತ್ತಿದ್ದರು. "ಸಂಜೆ ಹೊತ್ತು ಹೇಗಿರ್ತೀರಿ?" ಎಂದರೆ ಅಕ್ಕನೇ ಬಾಯಿ ಹಾಕುತ್ತಿದ್ದಳು: "ಚೆನ್ನಾಗೇ ಇರ್ತಾರೆ." ಭಾವ ಅವಳ ಮುಖ ನೋಡಿ ಹೌದೆಂದು ತಲೆಯಾಡಿಸುತ್ತಿದ್ದರು. ಅವರಿಗೂ ಆ ಮಾತೇ ಕಿವಿಗೆ ಬೀಳಬೇಕಿತ್ತು ಅನ್ನಿಸುತ್ತದೆ. ಮಾತ್ರೆಯ ಪ್ರಮಾಣ ಇಳಿಯಿತು. ಮುಂದಿನ ಸಲ ಮತ್ತೆ ಇಳಿಯಿತು.

"ಅಕ್ಕಾ, ಊಟ ಅಗಿಯೋಕೆ ದವಡೆನ ಕೈಯಲ್ಲಿ ಎತ್ತಿ ಹಿಡ್ಕೋತಾರಲ್ಲ, ಅದನ್ನ ಹೇಳೇ," ಎಂದೆ.

"ಬಿಡ್ತು ಅನ್ನು! ಅವರು ವಾಸಿಯಾಗ್ತಿದ್ರೆ ನಿಂಗೇನೋ ಹೊಟ್ಟೆಯುರಿ?" ಎಂದು ಹರಿಹಾಯ್ದಳು. ನನಗೆ ರೋಸಿಹೋಯಿತು. ಭಾವನೂ ಸುಮ್ಮನಿರು ಎಂದು ಸನ್ನೆ ಮಾಡಿದರು.

ಒಂದು ಸಂಜೆ ಅವರು ಕುಡಿದ ನೀರು ಮೂಗಿನಿಂದ ಹೊರಗೆ ಬಂತು. ಏನೋ ಹೇಳಲು ಹೋದರು, ಮಾತು ಗೊಣಗಾಗಿ ನಿಂತಿತು. ಆಮೇಲೆ ಉಸಿರೆಳೆಯಲು ಎದೆಯೂ ಏಳಲಿಲ್ಲ. ಆಸ್ಪತ್ರೆಯಲ್ಲಿ ಗಂಟಲಿಗೆ ಕೊಳವೆ ಇಳಿಸಿ ಯಂತ್ರಕ್ಕೆ ಹಾಕಿದರು. ರಕ್ತ ಸೋಸಿ ಪ್ರತಿಕಾಯ ತೆಗೆದರು. ಅಷ್ಟರಲ್ಲಿ ಶ್ವಾಸಕೋಶಕ್ಕೆ ಸೋಂಕು ಹತ್ತಿತ್ತು, ಯಾವ ಔಷಧಕ್ಕೂ ಬಗ್ಗಲಿಲ್ಲ.

"ಇಷ್ಟು ಬೇಗ ಹೇಗಾಯ್ತು?" ಹಾಸಿಗೆಯ ಪಕ್ಕ ನಿಂತು ಡಾಕ್ಟರು ಕೇಳಿದರು. "ನಾನು ನೋಡಿದಾಗೆಲ್ಲ ಚೆನ್ನಾಗಿದ್ರಲ್ಲ?"

"ನಾನೇ ಇಡೀ ದಿನ ಮಲಗಿಸಿ ಕರ್ಕೊಂಡು ಬರ್ತಿದ್ದೆ ಡಾಕ್ಟ್ರೇ," ಎಂದಳು ಅಕ್ಕ. "ನಿಮ್ಮ ಮುಂದೆ ಚೆನ್ನಾಗಿ ಕಾಣ್ಲಿ ಅಂತ."

ಡಾಕ್ಟರು ಅದನ್ನು ಚೀಟಿಯಲ್ಲಿ ಬರೆದುಕೊಂಡರು. ಬೈದಿದ್ದರೇ ಒಳ್ಳೆಯದಿತ್ತು.

"ಇವರಿಗೆ ಕೇಳಿಸ್ತಾ?" ಅಕ್ಕ ಬೆಚ್ಚಿ ಕೇಳಿದಳು.

"ಎಲ್ಲಾ ಕೇಳಿಸುತ್ತೆ. ಉತ್ತರ ಕೊಡೋಕಾಗಲ್ಲ, ಅಷ್ಟೇ."

ಡಾಕ್ಟರು ಹೋದಮೇಲೆ ಅಕ್ಕ ಬಗ್ಗಿ ಹೆಬ್ಬೆರಳಿನಿಂದ ಭಾವನ ರೆಪ್ಪೆ ಎತ್ತಿದಳು. ಕಣ್ಣು ಅವಳತ್ತಲೇ ಇತ್ತು, ಕದಲಲಿಲ್ಲ. "ತಪ್ಪಾಯ್ತು ರೀ. ಬೈರಿ ನನ್ನ. ಏನಾದ್ರೂ ಅನ್ರಿ," ಎಂದಳು. ಭಾವ ಒಳಗೊಳಗೇ ಬೈಯುತ್ತಿದ್ದರೋ, ಹೋಗಲಿ ಬಿಡೇ ಎನ್ನುತ್ತಿದ್ದರೋ. ಅವರು ಒಳಗೆ ಎಷ್ಟು ಸಲ ಹೇಳಿದರೂ ಅದು ರೆಪ್ಪೆಯ ತನಕವೂ ಬರುವಂತಿರಲಿಲ್ಲ. ಅವಳ ಮೇಲಿದ್ದ ಸಿಟ್ಟು ಮರೆತು ಭುಜ ಹಿಡಿದೆ.

"ಸಾಕು ಅಕ್ಕಾ, ಕಣ್ಣು ಒಣಗುತ್ತೆ. ಬಿಡೇ."

"ತಡಿಯೋ," ಎಂದಳು, ಬೆರಳು ತೆಗೆಯದೆ. "ಏನೋ ಹೇಳೋಕೆ ನೋಡ್ತಿದ್ದಾರೆ."