ಕೌದಿ ಹಾಸಿದರೆ ಒಪ್ಪಿಗೆ

ಬೇವೂರಿನ ಹಂಪಣ್ಣನವರು ತಲೆ ತಗ್ಗಿಸಿಯೇ ನಡೆಯುತ್ತಿದ್ದರು. ಯಲಬುರ್ಗಿ, ಕುಷ್ಟಗಿ, ಕೊಪ್ಪಳದ ಕಡೆಯ ಎಷ್ಟೋ ಹುಡುಗ ಹುಡುಗಿಯರನ್ನು ಬಿಟ್ಟಿಯಾಗಿ ವಿಮಾನದಲ್ಲಿ ಕೂರಿಸಿಕೊಂಡು ಆಕಾಶ ತೋರಿಸಿ ತಂದ ಈ ಮನುಷ್ಯ, ತಾನು ನೆಲದ ಮೇಲಿರುವಾಗ ಆಕಾಶದ ಕಡೆ ಕಣ್ಣೆತ್ತಿದ್ದನ್ನು ನಾನಂತೂ ಕಾಣೆ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಸೊಂಟದಿಂದ ತುಸು ಮುಂದಕ್ಕೆ ಬಾಗಿ, ಹೆಜ್ಜೆಹೆಜ್ಜೆಗೂ ನೆಲವನ್ನು ಪರೀಕ್ಷಿಸುತ್ತ ಅವರು ಓಣಿಯಲ್ಲಿ ಬರುತ್ತಿದ್ದರೆ ಹೊಸಬರು "ಏನ ಕಳಕೊಂಡೀರ್ರಿ?" ಎಂದು ಕೇಳಿ ತಾವೂ ಬಾಗಿ ಹುಡುಕತೊಡಗುತ್ತಿದ್ದರು. ಹನುಮಸಾಗರದ ಒಂದು ಮದುವೆಯಲ್ಲಿ ಬೀಗರ ಕಡೆಯ ನಾಲ್ವರು ಹಿರಿಯರು ಹೀಗೆಯೇ ಅವರ ಹಿಂದೆ ಬಾಗಿ ನಡೆದು, ಯಾರದೋ ಬಂಗಾರದ ಬೆಂಡೋಲೆ ಕಳೆದಿದೆಯೆಂಬ ಸುದ್ದಿ ಅಡಿಗೆಮನೆಯವರೆಗೂ ಹೋಗಿ, ಅಲ್ಲಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಕಿವಿ ಮುಟ್ಟಿ ನೋಡಿಕೊಂಡದ್ದಕ್ಕೆ ನಾನೇ ಸಾಕ್ಷಿ.

ಅವರು ಹುಡುಕುತ್ತಿದ್ದದ್ದು ಕಲ್ಲು. ಬೇವೂರಿನ ಹೊರಗೆ ಕಪ್ಪು ಮಣ್ಣಿನ ಎರೆ ಹೊಲ ಮುಗಿದು ಕೆಂಪು ಮಣ್ಣಿನ ಮಸಾರಿ ನೆಲ ಆರಂಭವಾಗುವಲ್ಲಿ ಊರ ದನ ಮೇಯುವ ಗಾಯರಾಣವಿತ್ತು. ಅವರ ವಿಮಾನ ಇಳಿಯುತ್ತಿದ್ದದ್ದು ಅಲ್ಲಿಯೇ. ಎರೆ ಭೂಮಿ ಬೇಸಿಗೆಯಲ್ಲಿ ಗೇಣುಗೇಣಿಗೆ ಬಿರಿಯುತ್ತದೆ, ಮಳೆಯಲ್ಲಿ ಹಿಡಿದ ಕಾಲನ್ನು ಬಿಡುವುದಿಲ್ಲ. ಮಸಾರಿಯಾದರೆ ಗಟ್ಟಿ, ಆದರೆ ಕಲ್ಲಿನ ಕಾಟ. ಗಾಲಿಗೆ ಒಂದು ಕಲ್ಲು ಸಿಕ್ಕರೆ ವಿಮಾನ ಮಗುಚುತ್ತದೆಂಬ ಎಚ್ಚರ ಅವರಿಗೆ ಚಟವಾಗಿ ಹತ್ತಿ, ಗುಡಿಯ ಅಂಗಳದಲ್ಲೂ ಮದುವೆಯ ಚಪ್ಪರದಲ್ಲೂ ಬಿಡದಾಯಿತು. ಆರಿಸಿದ ಕಲ್ಲು, ಮುಳ್ಳು, ಎತ್ತಿನ ಲಾಳದ ಮೊಳೆ ಎಲ್ಲವೂ ಅವರ ಕರಿಯ ಕೋಟಿನ ಕಿಸೆಗೆ ಇಳಿಯುತ್ತಿದ್ದವು. ಆ ಕೋಟು ಎರಡೂ ಪಕ್ಕ ಜೋತುಬಿದ್ದು, ಅದರೊಳಗಿನ ತೆಳ್ಳನೆಯ ಮನುಷ್ಯನನ್ನು ಕೆಳಕ್ಕೆ ಎಳೆಯುತ್ತಿರುವಂತೆ ಕಾಣುತ್ತಿತ್ತು. ಪ್ರತಿ ಸಂಜೆ ಅವರ ತಾಯಿ ಕಳಕಮ್ಮ ಆ ಕಿಸೆಗಳನ್ನು ಬಚ್ಚಲ ಗೋಡೆಯ ಬಳಿ ಬರಿದು ಮಾಡುತ್ತಿದ್ದಳು. ಅಲ್ಲಿ ಮೊಣಕಾಲೆತ್ತರದ ಒಂದು ರಾಶಿಯೇ ಬೆಳೆದಿತ್ತು.

ಅವರ ಬಾಯಲ್ಲಿ ಸದಾ ಇದ್ದ ಮಾತು "ಸಾವಕಾಶ". ಊಟಕ್ಕೆ ಕುಳಿತವರಿಗೂ ಸಾವಕಾಶ, ಎತ್ತು ಹೂಡುವವರಿಗೂ ಸಾವಕಾಶ. ಕೊಪ್ಪಳದ ರೈಲು ಕೂಡ ಹಿಂದೆ ಬೀಳುವ ವೇಗದಲ್ಲಿ ಓಡಾಡುವವನೊಬ್ಬ ಬಂಡಿಯವರಿಗೆ ಸಾವಕಾಶ ಬೋಧಿಸುವುದನ್ನು ಕೇಳಿ ನಮಗೆಲ್ಲ ನಗು.

ಬೇವೂರಿನಲ್ಲಿ ಅವರದು ಹತ್ತಿ ವ್ಯಾಪಾರದ ಮನೆತನ, ಹೊಲಮನೆಗೆ ಕೊರತೆಯಿರಲಿಲ್ಲ. ಓದಲೆಂದು ಹೈದರಾಬಾದಿಗೆ ಹೋದ ಮಗ ಹಂಪಣ್ಣ ಅಲ್ಲಿ ಹಾರಾಟದ ಕ್ಲಬ್ಬು ಸೇರಿದ. ಸೇರುವ ಅರ್ಜಿಗೆ ಮನೆಯ ಹಿರಿಯರ ಒಪ್ಪಿಗೆ ಬೇಕಿತ್ತು; ತಂದೆ ಕರಿಬಸಪ್ಪನವರು ಅಭಿಮಾನದಿಂದಲೇ ಸಹಿ ಹಾಕಿ ಕಳಿಸಿದರು. ಕಳಕಮ್ಮನನ್ನು ಯಾರೂ ಕೇಳಲಿಲ್ಲ. ಒಂಬತ್ತು ತಿಂಗಳು ಹೊತ್ತವಳಿಗೆ ಮಗ ಗಾಳಿಯಲ್ಲಿದ್ದಾನೆಂಬ ಸುದ್ದಿ ಆರು ತಿಂಗಳ ಮೇಲೆ ಸಂತೆಯಲ್ಲಿ, ಬದನೆಕಾಯಿ ಮಾರುವವಳ ಬಾಯಿಂದ ತಿಳಿಯಿತು. ಮರುವರ್ಷ ಕರಿಬಸಪ್ಪನವರು ತೀರಿಕೊಂಡರು. ಸಹಿ ಮಾಡಿದವರು ಹೋದರು, ಯಾರೂ ಕೇಳದವಳು ಉಳಿದಳು.

ಆಕೆ ಬೈದಿದ್ದರೆ ಹಂಪಣ್ಣನವರ ಎದೆ ಹಗುರಾಗುತ್ತಿತ್ತು. ಆಕೆ ಬೈಯಲಿಲ್ಲ, ಅಳಲಿಲ್ಲ, ಆ ವಿಷಯವನ್ನೇ ಎತ್ತಲಿಲ್ಲ. ಮಗ ಊರಿಗೆ ಬಂದರೆ ಎಣ್ಣೆಗಾಯಿ ಮಾಡುವಳು, ರೊಟ್ಟಿಗೆ ಬೆಣ್ಣೆ ಇಡುವಳು. ವಿಮಾನಕ್ಕೆ ಮಾತ್ರ ಆಕೆಯ ಬಾಯಲ್ಲಿ ಹೆಸರಿರಲಿಲ್ಲ, "ಅದು" ಅಷ್ಟೇ. ಅದರ ಸದ್ದು ಕೇಳಿದೊಡನೆ ಒಳಗೆ ಹೋಗಿ ಬಾಗಿಲು ಮುಚ್ಚಿಕೊಳ್ಳುವಳು. ಇಡೀ ಬೇವೂರು ಓಣಿಗೆ ಬಂದು ಕತ್ತು ನೋಯುವಂತೆ ಮೇಲೆ ನೋಡುತ್ತಿರುವಾಗ ಆಕೆಯ ಕಣ್ಣು ಮಾತ್ರ ಒಲೆಯ ಮೇಲಿರುತ್ತಿತ್ತು.

ಸಾವಿರದ ಒಂಬೈನೂರ ಮೂವತ್ತೇಳರ ಚಳಿಗಾಲದಿಂದ ಹಂಪಣ್ಣನವರು ವರ್ಷಕ್ಕೊಮ್ಮೆ ಕ್ಲಬ್ಬಿನ ಎರಡು ಆಸನದ ವಿಮಾನವನ್ನು ಕೆಲವು ವಾರ ಬೇಡಿ ತರುತ್ತಿದ್ದರು. ನಾನಾಗ ಯಲಬುರ್ಗಿಯಲ್ಲಿ ಸಾಲಿ ಮಾಸ್ತರ. "ನಾ ಒಬ್ಬನ ಹಾರಿ ಏನ ಮಾಡ್ಲಿ ಮಾಸ್ತರ? ನಮ್ಮ ಹುಡುಗ್ರೂ ಒಮ್ಮೆ ನೋಡ್ಲಿ" ಎಂದು ಅವರು ನನ್ನನ್ನು ಕೂಡಿಕೊಂಡರು. ಹೆಸರು ಬರೆದುಕೊಳ್ಳುವುದು, ಮಕ್ಕಳನ್ನು ಸಾಲಾಗಿ ನಿಲ್ಲಿಸುವುದು, ಗಾಯರಾಣದಿಂದ ಎಮ್ಮೆಗಳನ್ನು ಹೊರಗಟ್ಟುವುದು, ಇವು ನನ್ನ ಕೆಲಸ. ಮೂರನ್ನೂ ನಿಷ್ಠೆಯಿಂದ ಮಾಡಿದೆ. ವಿಮಾನ ಹತ್ತಿ ಕೂರುವುದು ಮಾತ್ರ ನನ್ನಿಂದಾಗಲಿಲ್ಲ. ಬಂದ ಮಕ್ಕಳನ್ನು ಮೊದಲು ಒಬ್ಬರ ಪಕ್ಕ ಒಬ್ಬರಂತೆ ನಿಲ್ಲಿಸಿ, ಬರಿಗಾಲಲ್ಲಿ ಇಡೀ ಗಾಯರಾಣವನ್ನು ನಡೆಸಿ, ಕಲ್ಲು ಆರಿಸುವುದನ್ನು ಕಲಿಸಿದ ಮೇಲೆಯೇ ಹಂಪಣ್ಣನವರು ವಿಮಾನದ ಹತ್ತಿರ ಬಿಡುತ್ತಿದ್ದರು. "ಹಾರೂದು ಆಮ್ಯಾಲ. ಮೊದಲ ನೆಲ ನೋಡ್ರಿ, ಸಾವಕಾಶ."

ಮೊದಲು ಏರಿದವನು ಬೇವೂರಿನವನೇ, ಕುರಿ ಕಾಯುವವರ ಮನೆಯ ಗೋಣೆಪ್ಪ. ಇಳಿದು ಬಂದವನೇ ಗೊಳೋ ಎಂದು ಅತ್ತುಬಿಟ್ಟ. ಹೆದರಿದನೆಂದು ತಿಳಿದು ನಾನು ಬೆನ್ನು ಸವರಿದರೆ, "ನಮ್ಮ ಮನಿನ ಇಲ್ರೀ ಅಲ್ಲಿ!" ಎಂದ. ಮೇಲಿನಿಂದ ನೋಡಿದರೆ ಎಲ್ಲವೂ ಒಂದೇ ಬಣ್ಣದ, ಮಟ್ಟಸವಾದ ಮಣ್ಣಿನ ಮಾಳಿಗೆ. ಯಾವುದು ಯಾರದೆಂದು ಗುರುತಿಸುವುದು ಹೇಗೆ? ಮರುದಿನ ಅವನ ತಾಯಿ ಮುದುಕವ್ವ ಯಾರಿಗೂ ಹೇಳದೆ ಮಾಳಿಗೆ ಹತ್ತಿ ತನ್ನ ಕೌದಿಯನ್ನು ಹಾಸಿ ಬಂದಳು. ಹಳೆಯ ಸೀರೆ, ಧೋತರ, ಕುಬಸದ ತುಂಡುಗಳನ್ನು ಕೂಡಿಸಿ ಹೊಲಿದ ಕೌದಿ ಒಂದರಂತೆ ಇನ್ನೊಂದು ಇರುವುದಿಲ್ಲವಷ್ಟೇ. ಹಂಪಣ್ಣನವರು ಗೋಣೆಪ್ಪನನ್ನು ಎರಡನೆಯ ಸಲ ಕರೆದೊಯ್ದರು. "ಅಲ್ಲೈತಿ! ಅಲ್ಲೈತಿ ನಮ್ಮವ್ವನ ಕೌದಿ!" ಎಂಬ ಕೂಗು ಇಂಜಿನ್ನಿನ ಸದ್ದನ್ನೂ ಮೀರಿ ಕೆಳಗಿದ್ದ ನಮಗೆ ಕೇಳಿಸಿತು.

ಅಂದು ಹಂಪಣ್ಣನವರು ಇಳಿದವರೇ ವಿಮಾನದ ನೆರಳಿನಲ್ಲಿ ಕುಳಿತು ಸುತ್ತಲಿನ ಕಲ್ಲು ಆರಿಸಿದರು. ಎದ್ದವರೇ ಒಂದು ನಿಯಮ ಹೇಳಿದರು. ತಂದೆಯ ಸಹಿ ಬೇಡ, ಕಾಕನ ಮಾತು ಬೇಡ, ಗೌಡರ ಚೀಟಿ ಬೇಡ. "ಅವ್ವ ತಾನಾಗೇ ಮಾಳಿಗಿ ಮ್ಯಾಲ ಕೌದಿ ಹಾಸಿರಬೇಕು. ಮುಂಜಾನೆ ನಾನ ಮ್ಯಾಲಿಂದ ನೋಡ್ತೀನಿ. ಕಂಡ್ರ ಕರಕೊಂಡ ಹೋಗ್ತೀನಿ." ಅಂದಿನಿಂದ ಆ ವಾರಗಳಲ್ಲಿ ನಮ್ಮ ಸೀಮೆಯ ಊರುಗಳ ಮಾಳಿಗೆಗಳು ಒಂದೊಂದಾಗಿ ಬಣ್ಣ ಉಟ್ಟವು. ತಾಯಿಯ ಮನಸ್ಸು ಕರಗಿಸಲು ಮಕ್ಕಳು ನೀರು ಹೊತ್ತರು, ಸಗಣಿ ಬಾಚಿದರು, ಕೇಳಿದ್ದಕ್ಕೆಲ್ಲ ಹೂಂ ಎಂದರು. ಒಬ್ಬ ದೊಡ್ಡ ಅಧಿಕಾರಿಯ ಅಳಿಯ ಉರ್ದುವಿನಲ್ಲಿ ಬರೆಸಿದ ಮೊಹರಿನ ಕಾಗದ ಹಿಡಿದು ಬಂದಾಗ ಹಂಪಣ್ಣನವರು ಅದನ್ನು ಎರಡು ಕೈಯಲ್ಲಿ ಇಸಿದುಕೊಂಡು ಓದಿ, "ಕಾಗದ ಭಾಳ ಛಲೋ ಐತ್ರಿ. ಕೌದಿ ಕಾಣಲಿಲ್ಲ" ಎಂದು ಹಿಂದಕ್ಕೆ ಕೊಟ್ಟರು. ನನಗೂ ಈ ನಿಯಮ ಬಹಳ ಅನುಕೂಲವಾಯಿತು. ನನ್ನ ತಾಯಿ ತೀರಿಕೊಂಡು ಹತ್ತು ವರ್ಷವಾಗಿತ್ತು, ಯಾರಾದರೂ ಹತ್ತೆಂದು ಒತ್ತಾಯಿಸಿದರೆ "ಕೌದಿ ಹಾಸೋರು ಯಾರ್ರಿ?" ಎಂದು ಮುಖ ಸಣ್ಣದು ಮಾಡುತ್ತಿದ್ದೆ.

ಮೂರು ಚಳಿಗಾಲ ಹೀಗೆ ಕಳೆದವು. ಗಾಯರಾಣಕ್ಕೆ ತೀರ ಹತ್ತಿರದ್ದು ಹಂಪಣ್ಣನವರದೇ ಮನೆ; ಇಳಿಯುವ ಪ್ರತಿಸಲವೂ ವಿಮಾನ ಆ ಮಾಳಿಗೆಯ ನೆತ್ತಿಯ ಮೇಲೆಯೇ ಹಾಯಬೇಕು. ಆ ಮಾಳಿಗೆ ಮಾತ್ರ ಬರಿದು. ಇಳಿದೊಡನೆ ಅವರು ನನ್ನ ಕಡೆ ನೋಡಿ ಇಲ್ಲವೆಂಬಂತೆ ಸಣ್ಣಗೆ ತಲೆಯಾಡಿಸುವರು.

ನಲವತ್ತರ ಜನವರಿಯಲ್ಲಿ ಹೈದರಾಬಾದಿನಿಂದ ತಂತಿ ಬಂತು. ಲಡಾಯಿ ಹತ್ತಿತ್ತು, ಎಂಟು ದಿನದಲ್ಲಿ ವಿಮಾನ ಹಿಂದಕ್ಕೆ ಬರಬೇಕು, ಅದರೊಡನೆ ಹಂಪಣ್ಣನವರೂ ಬಂದು ಲಡಾಯಿಗೆ ಹೋಗುವ ತರುಣರಿಗೆ ಹಾರಾಟ ಕಲಿಸಬೇಕು. ಮುಂದೆ ಊರು ಕಾಣುವುದು ಎಂದೋ, ಕಾಣುವುದೋ ಇಲ್ಲವೋ. "ಒಮ್ಮೆ ಕೇಳಬಾರದ ಅವ್ವಾರನ್ನ?" ಎಂದೆ. ಅವರು ನೆಲದಿಂದ ಒಂದು ಕಲ್ಲು ಎತ್ತಿ ಕಿಸೆಗೆ ಹಾಕಿಕೊಂಡು, "ಆವಾಗ ಕೇಳಲಾರದ ಹೋದಾಂವ, ಈಗ ಯಾವ ಬಾಯಿಲೆ ಕೇಳ್ಲಿ ಮಾಸ್ತರ?" ಎಂದರು.

ಕೇಳಿದವಳು ಬಾನುಬೀ. ಕೊಪ್ಪಳದ ಸ್ಟೇಶನ್ನಿನಿಂದ ಪೆಟ್ರೋಲಿನ ಡಬ್ಬಿಗಳನ್ನು ಬಂಡಿಯಲ್ಲಿ ಹೇರಿ ತರುತ್ತಿದ್ದ ಜಿಲಾನಸಾಬನ ಮಗಳು. ಹದಿನೈದರ ಹುಡುಗಿ, ಬಾಯಿಗೆ ಬೀಗವಿಲ್ಲ. ಮುಂದಿನ ಆಸನದಲ್ಲಿ ಕುಳಿತವರು ಹಿಂದೆ ಕುಳಿತು ಹಾರಿಸುವ ಹಂಪಣ್ಣನವರೊಡನೆ ಮಾತಾಡಲು ವಿಮಾನದಲ್ಲಿ ಒಂದು ರಬ್ಬರಿನ ನಳಿಗೆಯಿತ್ತು. ಎಲ್ಲರೂ ಅದರಲ್ಲಿ ಕಿರುಚುತ್ತಿದ್ದರು, ಇವಳು ಪ್ರಶ್ನೆ ಕೇಳಿದಳು: "ಎಲ್ಲಾರ ಮನಿ ಮ್ಯಾಲ ಕೌದಿ ಐತಿ, ನಿಮ್ಮ ಮನಿ ಮ್ಯಾಲ ಯಾಕಿಲ್ರಿ?" ಇಳಿದವಳೇ ಅವಳು ನೇರವಾಗಿ ಹಂಪಣ್ಣನವರ ಅಡಿಗೆಮನೆಗೆ ನಡೆದು, ಹಿಟ್ಟು ನಾದುತ್ತಿದ್ದ ಕಳಕಮ್ಮನ ಎದುರು ನಿಂತು, "ಅವ್ವಾರ, ಮ್ಯಾಲಿಂದ ನಿಮ್ಮದೊಂದ ಮನಿ ಖಾಲಿ ಕಾಣತೈತ್ರಿ" ಎಂದಳು. ಕಳಕಮ್ಮ ತಲೆಯೆತ್ತದೆ, "ರೊಟ್ಟಿ ತಿಂದ ಹೋಗು" ಎಂದಳು. ಹುಡುಗಿ ಎರಡು ರೊಟ್ಟಿ ತಿಂದಳು. ಅಷ್ಟಕ್ಕೇ ಅದು ಮುಗಿಯಿತೆಂದು ನಾವು ತಿಳಿದೆವು.

ಕೊನೆಯ ದಿನ ಬೆಳಿಗ್ಗೆ ಹಂಪಣ್ಣನವರು ಯಲಬುರ್ಗಿಯ ಮೇಲೆ ಒಂದು ಸುತ್ತು ಹಾಕಿ ಇಳಿದು, ನನ್ನ ತೋಳು ಹಿಡಿದು, "ನಡೀರಿ ಮಾಸ್ತರ. ನಿಮ್ಮ ಮನಿ ಮ್ಯಾಲ ಕೌದಿ ಬಿದ್ದಾವ" ಎಂದರು. ನನ್ನ ಹೆಂಡತಿ ಶೇಖರಮ್ಮ ತಾಯಿಯ ಸ್ಥಾನವನ್ನು ತಾನೇ ವಹಿಸಿಕೊಂಡಿದ್ದಳು. ಅದೂ ಒಂದಲ್ಲ, ಎರಡು ಕೌದಿ! ನನ್ನನ್ನು ಮೇಲಕ್ಕೆ ಕಳಿಸಲು ಅವಳಿಗಿದ್ದ ಉತ್ಸಾಹದ ಅರ್ಥವನ್ನು ನಾನು ಇಂದಿಗೂ ಶೋಧಿಸುತ್ತಿದ್ದೇನೆ. ಕಣ್ಣು ಬಿಗಿಯಾಗಿ ಮುಚ್ಚಿ, ಗವಿಮಠದ ಸ್ವಾಮಿಗೆ ಏನೇನೋ ಹರಕೆ ಹೊರುತ್ತ ನಾನು ಯಲಬುರ್ಗಿಗೆ ಹೋಗಿ ಬಂದೆ. ನಳಿಗೆಯಲ್ಲಿ ಆಗಾಗ "ಸಾವಕಾಶ, ಮಾಸ್ತರ, ಸಾವಕಾಶ" ಎಂಬ ಧೈರ್ಯ ಬರುತ್ತಿತ್ತು. ಮರಳಿ ಬೇವೂರು ಬಂದು ಇಳಿಯಬೇಕು ಎನ್ನುವಾಗ ಆ ದನಿ ನಿಂತುಹೋಯಿತು. ವಿಮಾನ ಇಳಿಯುವುದನ್ನು ಬಿಟ್ಟು ಒಂದು ಪಕ್ಕಕ್ಕೆ ವಾಲಿತು. ನನ್ನ ಆಯುಷ್ಯ ಮುಗಿಯಿತೆಂದುಕೊಂಡೆ. ಆಗ ನಳಿಗೆಯಲ್ಲಿ ಮತ್ತೆ ಆ ದನಿ: "ಮಾಸ್ತರ, ಕಣ್ಣ ತೆರೀರಿ. ಕೆಳಗ ನೋಡ್ರಿ."

ನೋಡಿದೆ. ನಾವು ಏರುವಾಗ ಬರಿದಾಗಿದ್ದ ಮಾಳಿಗೆಯ ನಟ್ಟನಡುವೆ ಅಗಲವಾದ ಕೌದಿ, ಅದರ ಮೇಲೆ ಕೆಂಪಗೆ ಏನೋ ಹರಡಿದ್ದು, ಪಕ್ಕದಲ್ಲಿ ಹಣೆಗೆ ಕೈ ಅಡ್ಡ ಹಿಡಿದು ನಿಂತ ಕಳಕಮ್ಮ. ಆಕೆಯ ಮುಖ ಮೇಲಕ್ಕೆ, ನಮ್ಮ ಕಡೆಗಿತ್ತು. ಹಂಪಣ್ಣನವರು ಮೂರು ಸುತ್ತು ಹಾಕಿದರು. ನನ್ನ ಭಯ ಎಲ್ಲಿ ಹೋಯಿತೋ ತಿಳಿಯದು. ನಾಲ್ಕನೆಯ ಸುತ್ತಿಗೂ ನಾನು ಸಿದ್ಧನಿದ್ದೆ.

ಮನೆಗೆ ಬಂದಾಗ ಆಕೆ ಎಂದಿನಂತೆ ಒಲೆಯ ಮುಂದಿದ್ದಳು.

"ಯವ್ವಾ, ಮಾಳಿಗಿ ಮ್ಯಾಲ..." ಎಂದರು ಹಂಪಣ್ಣನವರು.

"ಮೆಣಸಿನಕಾಯಿ ಒಣಾ ಹಾಕೀನಿ. ಬಿಸಲ ಛಲೋ ಐತಿ."

"ಕೌದಿ ಮ್ಯಾಲ?"

"ಚಾಪಿ ಹರದೈತಿ."

ಕುತೂಹಲ ತಾಳದೆ ನಾನೇ ನಿಚ್ಚಣಿಕೆ ಏರಿದೆ. ಮೆಣಸಿನಕಾಯಿ ಒಂದು ಮೊರದಷ್ಟಿತ್ತು, ಸಂದೇಹವಿಲ್ಲ. ಆದರೆ ಕೌದಿ ಸಂದೂಕದ ಅಡಿಯಲ್ಲಿದ್ದ ಒಳ್ಳೆಯ ಕೌದಿ; ಅದರ ನಡುವೆ ಕರಿಬಸಪ್ಪನವರ ರುಮಾಲಿನ ಬಟ್ಟೆ, ಅದರ ಸುತ್ತ ಮಗನ ಬಾಲ್ಯದ ಅಂಗಿಗಳ ತುಂಡು. ಗಾಳಿಗೆ ಹಾರದಂತೆ ಅದರ ನಾಲ್ಕೂ ಅಂಚಿಗೆ ಒತ್ತಾಗಿ ಕಲ್ಲು ಹೇರಿದ್ದಳು. ಕೆಳಗಿಳಿದು ಬಚ್ಚಲ ಗೋಡೆಯ ಕಡೆ ನೋಡಿದೆ. ಮೂರು ಚಳಿಗಾಲ ಮಗನ ಕಿಸೆಯಿಂದ ತೆಗೆದು ಹಾಕಿದ ರಾಶಿ ಅರ್ಧಕ್ಕೆ ಇಳಿದಿತ್ತು.

ಹೊರಡುವಾಗ ಆಕೆ ಹೊಸ್ತಿಲವರೆಗೆ ಬಂದು, ಕೋಟಿನ ಕಿಸೆಗಳಲ್ಲಿ ಕೈಯಾಡಿಸಿ ಬರಿದಾಗಿವೆಯೆಂದು ನೋಡಿ, "ಸಾವಕಾಶ ಹೋಗು" ಎಂದಳು. ಅವರ ಆ ಮಾತು ಯಾರಿಂದ ಬಂದದ್ದೆಂದು ನನಗೆ ಅಂದು ತಿಳಿಯಿತು.

ಲಡಾಯಿ ಮುಗಿದ ಮೇಲೆ ಹಂಪಣ್ಣನವರು ಕೂದಲು ನರೆತು, ಕೈಕಾಲು ನೆಟ್ಟಗಿಟ್ಟುಕೊಂಡೇ ಬೇವೂರಿಗೆ ಮರಳಿದರು. ಮತ್ತೆ ವಿಮಾನ ಬರಲಿಲ್ಲ. ಹತ್ತಿ ವ್ಯಾಪಾರ ನೋಡಿಕೊಂಡು, ಓಣಿಯ ಕಲ್ಲು ಆರಿಸಿಕೊಂಡು ಸುಖವಾಗಿದ್ದರು. ಆ ಕೌದಿಯನ್ನು ಮಾತ್ರ ಒಗೆಯಲು ಕೊಡಲಿಲ್ಲ, ಹೊದ್ದಾಗಲೆಲ್ಲ ಮೆಣಸಿನಕಾಯಿಯ ಘಾಟಿಗೆ ಸೀನುತ್ತಿದ್ದರು. ಇಂಥವರು ಲೋಕದಲ್ಲಿ ಬಹಳ ಮಂದಿ ಇಲ್ಲ. ತಾವು ಕಂಡ ಎತ್ತರವನ್ನು ಊರ ಮಕ್ಕಳಿಗೆಲ್ಲ ಹಂಚಿ ಬರುವ ಈ ಜನರನ್ನು ನಾವು ಕೆಳಗೆ ನಿಂತು ಬೆರಗಿನಿಂದ ನೋಡುತ್ತೇವೆ, ಅವರಿಗೆ ಯಾವ ಹಂಗೂ ಇಲ್ಲವೆಂದು ಭಾವಿಸುತ್ತೇವೆ. ಆ ಎತ್ತರದಿಂದ ಅವರ ಕಣ್ಣು ಹುಡುಕುವುದು ಒಂದೇ ಒಂದು ಮಾಳಿಗೆಯನ್ನು. ಅದು ಬರಿದಾಗಿದ್ದರೆ ಇಡೀ ಆಕಾಶ ಕೈಗೆ ಸಿಕ್ಕರೂ ಅವರಿಗೆ ಸಾಲದು.