ಬಲ ರೆಕ್ಕೆಯ ಕೊನೆಯ ಸಾಲು

ತಿಥಿಯ ಮಾರನೆಯ ಬೆಳಿಗ್ಗೆ ಶಾಮಿಯಾನದವನು ಬಂದು ಕಂಬ ಕಿತ್ತುಕೊಂಡು ಹೋದ. ಬಾಡಿಗೆಯ ಪಾತ್ರೆಗಳೂ ಅದೇ ಆಟೋದಲ್ಲಿ ಹೋದವು. ಅತ್ತೆ ಯಶೋದಮ್ಮ ಹಾಲು ಕರೆದು, ಕ್ಯಾನು ಹಿಡಿದು ಡೈರಿಗೆ ನಡೆದರು. ಅಂಗಳದಲ್ಲಿ ನಾಲ್ಕು ಗುಂಡಿಗಳು ಉಳಿದವು. ಸಹನ ಅವಕ್ಕೆ ಮಣ್ಣು ತುಂಬಿ, ಕಾಲಿನಿಂದ ತುಳಿದು, ಗುಡಿಸತೊಡಗಿದಳು. ಹನ್ನೊಂದು ದಿನದಿಂದ ಅವಳು ಪೊರಕೆ ಹಿಡಿದಾಗಲೆಲ್ಲ ಯಾರಾದರೊಬ್ಬರು ಬಂದು ಕಿತ್ತುಕೊಳ್ಳುತ್ತಿದ್ದರು. ಇವತ್ತು ಯಾರೂ ಬರಲಿಲ್ಲ.

ಮೈದುನ ಸಂತೋಷ್ ಜಗಲಿಯಲ್ಲಿ ಕೂತಿದ್ದ. ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ರಜೆ ಅವತ್ತಿಗೆ ಮುಗಿಯುತ್ತಿತ್ತು.

"ಅತ್ಗೆ, ಅಕ್ಕಿಹೆಬ್ಬಾಳಿಂದ ಕಮ್ಮಾರ್ರ ದೇವಯ್ಯ ಫೋನ್ ಮಾಡಿದ್ದ. ಅಣ್ಣ ಇಸ್ಕಂಡಿದ್ದ ಉಕ್ಕಿನ ಗಟ್ಟಿ ಬೇಕಂತೆ. ಭತ್ತದ ಕೊಯ್ಲು ಬಂತು, ಅದ್ರ ಮ್ಯಾಲೆ ಇಟ್ಟು ಕುಡ್ಲಿಗೆ ಹಲ್ಲು ಕಟ್ಬೇಕು, ತಿಥಿ ಆಗೋಗಂಟ ಕೇಳ್ಬಾರ್ದು ಅಂತ ಸುಮ್ಕಿದ್ದೆ ಅಂದ."

ಸತ್ತವರು ಇಸ್ಕೊಂಡಿದ್ದ ಸಾಮಾನನ್ನು ಸೂತಕ ಕಳೆಯುವ ತನಕ ಯಾರೂ ಕೇಳುವುದಿಲ್ಲ. ಮನೆಯವರೂ ಹೊಸಿಲು ದಾಟಿಸುವುದಿಲ್ಲ. ಸೂತಕ ನಿನ್ನೆಗೆ ಕಳೆದಿತ್ತು.

"ಇವತ್ತೇ ಕೊಟ್ಬರ್ತೀನಿ" ಎಂದಳು ಸಹನ.

"ಇರಿ. ರೆಕ್ಕೇಲಿ ಒಂದೇ ಒಂದು ಸಾಲು ಉಳ್ಕಂಡದೆ. ಮುಗಿಸ್ಬುಟ್ಟು ಕೊಟ್ರಾಯ್ತು. ಅರ್ಧಕ್ ಬುಟ್ರೆ ಅಣ್ಣನ್ ಜೀವ ಒಪ್ಪಲ್ಲ ಕಣತ್ಗೆ."

ಅವಳು ಪೊರಕೆ ಗೋಡೆಗೆ ಒರಗಿಸಿದಳು. ಹನ್ನೆರಡು ದಿನದಲ್ಲಿ ಅವಳಿಗೆ ಏನಾದರೂ ಬೇಕು ಅನ್ನಿಸಿದ್ದು ಇದೊಂದೇ: ಗಂಡ ಕಟ್ಟುತ್ತಿದ್ದ ವಿಮಾನದ ಆ ರೆಕ್ಕೆ ಮುಚ್ಚಬೇಕು.

ಸಹನಳ ಗಂಡ ನಾಗಾರ್ಜುನ ಕೆ.ಆರ್.ಪೇಟೆಯ ಒಂದು ಐಟಿಐನಲ್ಲಿ ಫಿಟ್ಟರ್ ಕೆಲಸ ಕಲಿಸುವ ಮೇಷ್ಟ್ರು. ಎರಡೂವರೆ ವರ್ಷದ ಹಿಂದೆ ನಾಗಮಂಗಲದ ಸೈಟು ಮಾರಿ, ಮನೆಯಲ್ಲೇ ಜೋಡಿಸುವ ಪುಟ್ಟ ವಿಮಾನದ ಕಿಟ್ಟಿಗೆ ಬರೆದು ಹಾಕಿದ್ದ. ಕಿಟ್ಟು ಕಂತುಕಂತಾಗಿ ಬರುತ್ತದೆ. ಮೊದಲು ಬಂದದ್ದು ರೆಕ್ಕೆಯ ಪೆಟ್ಟಿಗೆ. ಅದನ್ನು ಗದ್ದೆಯ ಪಕ್ಕದ ಹಳೇ ಆಲೆಮನೆಯಲ್ಲಿ ಬಿಚ್ಚಿದಾಗ ಯಶೋದಮ್ಮ ಸೊಂಟದ ಮೇಲೆ ಕೈಯಿಟ್ಟು, "ಲೇ, ರೆಕ್ಕೆ ಬಂತು, ಹಕ್ಕಿ ಯಾವಾಗ್ಲಾ ಬರ್ತದೆ?" ಎಂದು ಕೇಳಿದ್ದರು. ಅವನು ನಕ್ಕಿದ್ದ. ಪುಸ್ತಕದ ಪ್ರಕಾರ ಎರಡು ರೆಕ್ಕೆಗೆ ನಾನೂರೈವತ್ತು ಗಂಟೆ. ದಿನಕ್ಕೆ ಎರಡೂವರೆ ಗಂಟೆಯಂತೆ ಆರು ತಿಂಗಳು. ಊರಿಗೆಲ್ಲ ಹಾಗೇ ಹೇಳಿದ.

ಆರು ತಿಂಗಳಿಗೆ ಎಡ ರೆಕ್ಕೆಯ ಎಲುಬುಗಳೂ ಮುಗಿದಿರಲಿಲ್ಲ. ನೆಂಟರ ಮುಂದೆ ಸಹನಳೇ ಆಡಿಕೊಳ್ಳುತ್ತಿದ್ದಳು: "ಇವ್ರ ಆರು ತಿಂಗ್ಳಲ್ಲಿ ನಮ್ ಹಸು ಎರಡು ಸಲ ಈದೈತೆ." ಅವನು ಅದಕ್ಕೂ ನಗುತ್ತಿದ್ದ. ಹನ್ನೆರಡು ದಿನದ ಹಿಂದೆ, ಸಂಜೆ ಕೆಲಸ ಮುಗಿಸಿ ಬರುವಾಗ, ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೈಲರಿಗೆ ಅವನ ಬೈಕು ಗುದ್ದಿತು.

ಆಲೆಮನೆಯ ಬಾಗಿಲು ತೆಗೆದರು. ಎಡ ರೆಕ್ಕೆ ಗೋಡೆಗೆ ಒರಗಿ ನಿಂತಿತ್ತು. ಬಲ ರೆಕ್ಕೆ ಮೇಜಿನ ಮೇಲೆ ಮಲಗಿತ್ತು. ಮೇಲಿನ ತಗಡಿನ ಒಂದಂಚು ಮಾತ್ರ ಬಾಯಿ ಬಿಟ್ಟಿತ್ತು. ಅಲ್ಲಿ ಬೀಳಬೇಕಾದದ್ದು ಮೂವತ್ತನಾಲ್ಕು ರಿವೆಟ್ಟು, ತಗಡು ಕೂಡಿಸುವ ಮೊಳೆ.

ರಿವೆಟ್ಟು ಹಾಕಲು ಇಬ್ಬರು ಬೇಕು; ಎರಡು ಕಡೆಗೂ ಕೈ ಎಟುಕುವಲ್ಲಿ ಮಾತ್ರ ಪಳಗಿದವನು ಒಬ್ಬನೇ ನಿಧಾನವಾಗಿ ಹಾಕಬಹುದು. ಹೊರಗಿನಿಂದ ಒಬ್ಬರು ಗಾಳಿಯ ಗನ್ನಿನಲ್ಲಿ ಹೊಡೆಯಬೇಕು, ಒಳಗಿನಿಂದ ಇನ್ನೊಬ್ಬರು ಉಕ್ಕಿನ ಗಟ್ಟಿಯನ್ನು ಅದರ ಬಾಲಕ್ಕೆ ಒತ್ತಿ ಹಿಡಿಯಬೇಕು. ಹಿಡಿದ ಕೈ ಓರೆಯಾದರೆ ರಿವೆಟ್ಟೂ ಓರೆ. ಮೊದಲಿನಿಂದಲೂ ಹಿಡಿಯುವವಳು ಸಹನ. ಮೈಸೂರಿನಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮಾಡಿದವಳು, ರೆಕ್ಕೆ ಗಾಳಿಯಲ್ಲಿ ಯಾಕೆ ಮೇಲೇಳುತ್ತದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸಬಲ್ಲಳು. ಈ ಕೊನೆಯ ಸಾಲಿಗಂತೂ ಅವಳೇ ಆಗಬೇಕಿತ್ತು. ಒಳಗೆ ಕೈ ತೂರಿಸುವ ಕಿಂಡಿಯಲ್ಲಿ ಅವನ ತೋಳು ಹಿಡಿಸುತ್ತಿರಲಿಲ್ಲ.

"ಗಾಳಿ ಎಷ್ಟಕ್ ಇಡ್ಬೇಕು ಅತ್ಗೆ?" ಸಂತೋಷ್ ಕಂಪ್ರೆಸರಿನ ಮುಂದೆ ಕೂತು ಕೇಳಿದ.

ಅವಳಿಗೆ ಗೊತ್ತಿರಲಿಲ್ಲ. ಅದನ್ನು ನೋಡುತ್ತಿದ್ದವನು ನಾಗಾರ್ಜುನ. ಮೊಳೆಗೆ ನೇತುಹಾಕಿದ್ದ ಅವನ ನೋಟ್‌ಬುಕ್ ತೆಗೆದಳು. ತಾರೀಕು, ಕೆಲಸ, ಗಂಟೆ. ಪ್ರತಿ ದಿನಕ್ಕೂ ಒಂದೆರಡು ಸಾಲು. ಗಾಳಿಯ ಲೆಕ್ಕ ಹುಡುಕುತ್ತ ಹಾಳೆ ತಿರುವುವಾಗ ಅವಳದೇ ಹೆಸರು ಕಣ್ಣಿಗೆ ಬಿತ್ತು.

"ಮೇ ೧೪. ಸಹನ ಹಿಡಿದ ಸಾಲು. ಹನ್ನೊಂದು ಓರೆ. ಬಿಚ್ಚಿ ಒಬ್ಬನೇ ಮತ್ತೆ ಹಾಕಿದೆ. ಮೂರು ಗಂಟೆ."

"ಮೇ ೨೬. ಸಹನ ಹಿಡಿದ ಸಾಲು. ಹದಿನಾಲ್ಕು ಓರೆ. ನಾಲ್ಕು ಗಂಟೆ. ನಾಳೆಗೂ ಇದೆ."

"ಮೇ ೨೭. ಅವಳಿಗೆ ಹೇಳಬಾರದು. ಹೇಳಿದರೆ ಬರುವುದು ಬಿಟ್ಟುಬಿಡುತ್ತಾಳೆ."

ಅವನು ಬೆಳಗಿನ ಐದಕ್ಕೇ ಎದ್ದು ಆಲೆಮನೆಗೆ ಬರುತ್ತಿದ್ದ. ನಿದ್ದೆ ಬರಲ್ಲ ಕಣೇ, ಎನ್ನುತ್ತಿದ್ದ. ಹಾಳೆಗಳುದ್ದಕ್ಕೂ ಅದೇ ಸಾಲು, ಎರಡು ವರ್ಷ. ಐಟಿಐನ ಯಾರನ್ನಾದರೂ ಕರೆದುಕೊಂಡು ಬಂದಿದ್ದರೆ ರೆಕ್ಕೆಗಳು ಎಂದೋ ಮುಗಿಯುತ್ತಿದ್ದವು.

"ಸಿಕ್ತಾ ಅತ್ಗೆ?"

"ಸಿಕ್ತು. ನಲವತ್ತಕ್ಕೆ ಇಡು."

ಕಿಂಡಿಗೆ ಕೈ ತೂರಿಸುವ ಮೊದಲು ಬಳೆ ತೆಗೆಯಲು ಅವಳ ಎಡಗೈ ಬಲಗೈಯ ಕಡೆಗೆ ಹೋಯಿತು. ಬಳೆ ಇರಲಿಲ್ಲ. ತೋಳನ್ನು ಭುಜದವರೆಗೆ ಒಳಗೆ ಬಿಟ್ಟು, ಬೆರಳಿನಲ್ಲೇ ರಿವೆಟ್ಟಿನ ಬಾಲ ಹುಡುಕಿ, ಗಟ್ಟಿ ಒತ್ತಿ ಹಿಡಿದಳು. ಇಷ್ಟು ಜೋಪಾನವಾಗಿ ಅವಳು ಯಾವತ್ತೂ ಹಿಡಿದಿರಲಿಲ್ಲ.

"ಹೊಡಿ."

ಸಂತೋಷ್ ಹೊಡೆದ. ತಗಡೆಲ್ಲ ನಡುಗಿ ನಿಂತಿತು. ಅವಳು ಕೈ ಹೊರತೆಗೆದು, ನಾಗಾರ್ಜುನನ ಪುಟ್ಟ ಕನ್ನಡಿಯನ್ನು ಒಳಗೆ ಬಿಟ್ಟು, ಟಾರ್ಚು ಹಾಕಿ ನೋಡಿದಳು. ರಿವೆಟ್ಟಿನ ಬಾಲ ಒಂದು ಪಕ್ಕಕ್ಕೆ ಮಲಗಿತ್ತು.

"ಒಳ್ಗಡೆ ಯಾರ್ ಇಣುಕಿ ನೋಡ್ತಾರೆ ಬುಡಿ" ಎಂದ ಸಂತೋಷ್. "ಮುಂದಿಂದ್ಕೆ ಓಗವ."

"ಇಲ್ಲ. ಡ್ರಿಲ್ ಕೊಡು."

ಅವಳು ರಿವೆಟ್ಟಿನ ತಲೆಯ ಮೇಲೆ ಡ್ರಿಲ್ಲಿನ ಮೊನೆ ಇಟ್ಟು ಒತ್ತಿದಳು. ಅವನು ಬಿಚ್ಚುವುದನ್ನು ಅವಳು ನೋಡಿರಲೇ ಇಲ್ಲ. ಕಣ್ಣಿಗೆ ಬೀಳದ ಹಾಗೆ ಅವನೇ ನೋಡಿಕೊಂಡಿದ್ದ. ಮೊನೆ ಜಾರಿ ತಗಡಿಗೆ ಇಳಿಯಿತು. ರಿವೆಟ್ಟು ಬಿದ್ದುಹೋಯಿತು, ತೂತು ಓರೆಯಾಗಿ ಅಗಲವಾಯಿತು. ಆ ಜಾಗದಲ್ಲಿ ಇನ್ನು ಯಾವ ರಿವೆಟ್ಟೂ ಕೂರುವುದಿಲ್ಲ.

ಅವಳು ಡ್ರಿಲ್ ಕೆಳಗಿಟ್ಟಳು. ಉಳಿದ ಮೂವತ್ಮೂರನ್ನೂ ಹೀಗೇ ಹೊಡೆದು ಮುಚ್ಚಬಹುದು. ಹೊರಗಿನಿಂದ ಸಾಲು ಚೆಂದವಾಗೇ ಕಾಣುತ್ತದೆ. ಓರೆಯಾದವು ಓರೆಯಾಗೇ ಒಳಗಿರುತ್ತವೆ. ನಾಳೆ ಬೆಳಿಗ್ಗೆ ಐದಕ್ಕೆ ಎದ್ದು ಬಿಚ್ಚುವವನಿಲ್ಲ.

ಡೈರಿಯಿಂದ ಬಂದ ಯಶೋದಮ್ಮ ಖಾಲಿ ಕ್ಯಾನಿನ ಜೊತೆ ಬಾಗಿಲಲ್ಲಿ ನಿಂತಿದ್ದರು. "ಇನ್ನೆಷ್ಟ್ ದಿನ ಇಡೀತದವ್ವ?"

"ಆಗಲ್ಲ ಅತ್ತೆ."

"ಅಂಗಂದ್ರೆ?"

"ನಾನು ಹಿಡಿದ್ರೆ ಆಗಲ್ಲ. ಯಾವತ್ತೂ ಆಗಿರ್ಲಿಲ್ಲ."

ಯಶೋದಮ್ಮ ಅವಳನ್ನೂ ನೋಡಿದರು, ರೆಕ್ಕೆಯನ್ನೂ ನೋಡಿದರು. "ಬುಡು ಮಗ" ಎಂದಷ್ಟೇ ಹೇಳಿ, ಸೆರಗಿನಿಂದ ತಗಡಿನ ಮೇಲಿನ ಧೂಳು ಒರೆಸಿದರು. ಸಂತೋಷ್ ಕಂಪ್ರೆಸರ್ ಆರಿಸಿದ.

ಅವಳು ಗಟ್ಟಿಯನ್ನು ಟವಲಿನಲ್ಲಿ ಸುತ್ತಿ, ಕೆ.ಆರ್.ಪೇಟೆಯಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಅಕ್ಕಿಹೆಬ್ಬಾಳಿನಲ್ಲಿ ಇಳಿದಳು. ದೇವಯ್ಯ ಕುಲುಮೆಯ ಪಕ್ಕ ಕೂತಿದ್ದ. ಸುತ್ತ ಕುಡುಗೋಲುಗಳ ರಾಶಿ. ಅವಳನ್ನು ಕಂಡು ಎದ್ದು ನಿಂತ.

"ನೀವ್ಯಾಕ್ ಬರಕ್ಕೋದ್ರಿ ತಾಯಿ? ಸಂತೋಸಪ್ಪನ್ ಕೈಲಿ ಕಳ್ಸಿದ್ರಾಗದು."

ಟವಲು ಬಿಚ್ಚಿ ಕೊಟ್ಟಳು. ಅವನು ಗಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇದ್ ನಂದೇಯಾ? ಮೈಯೆಲ್ಲ ಗಾಯ ಇತ್ತಲ್ಲ ಇದ್ಕೆ! ಕನ್ನಡಿ ಮಾಡ್ಬುಟ್ಟವ್ರಲ್ಲ ಮೇಷ್ಟ್ರು!"

"ಇದರಲ್ಲಿ ಸಣ್ಣ ಗುರುತಿದ್ರೂ ಅದು ರಿವೆಟ್ಟಿಗೆ ಬೀಳುತ್ತೆ ಅಂತ ಉಜ್ಜಿದ್ರು."

"ಎಸ್ಟ್ ದಿನ ಉಜ್ಜುದ್ರು ತಾಯಿ ಇದ್ನ?"

"ಹದಿನಾಲ್ಕು ಗಂಟೆ. ಬರೆದಿಟ್ಟಿದ್ದಾರೆ."

ದೇವಯ್ಯ ಹೆಬ್ಬೆರಳಿನಿಂದ ಅದರ ಮೇಲ್ಮೈ ಸವರಿದ. ಕುಡುಗೋಲೊಂದನ್ನು ಅದರ ಮೇಲಿಟ್ಟು ನೋಡಿದ; ಅದು ಜಾರಿತು. "ಒಸಿ ಗಾಯ ಮಾಡ್ಕಬೇಕು, ಇಲ್ದಿದ್ರೆ ನಿಲ್ಲಲ್ಲ" ಎಂದು ತನಗೇ ಹೇಳಿಕೊಂಡು, ಅವಳ ಮುಖ ನೋಡಿ ಗಟ್ಟಿಯನ್ನು ಬದಿಗಿಟ್ಟ. "ಆಮೇಕ್ ಮಾಡ್ಕತೀನಿ ಬುಡಿ. ನೀವ್ ವೊರಡಿ."

"ಈಗ್ಲೇ ಮಾಡ್ಕೊಳ್ಳಿ."

ಅವನು ಉಳಿ ಇಟ್ಟು ಸುತ್ತಿಗೆ ಎತ್ತಿದ. ಮೊದಲ ಏಟಿಗೆ ಒಂದು ಬಿಳೀ ಗೆರೆ ಬಿತ್ತು. ಆಮೇಲೆ ಅಡ್ಡಡ್ಡ, ಉದ್ದುದ್ದ. ಅವಳು ಕದಲದೆ ನಿಂತು ನೋಡಿದಳು. ಕುಡುಗೋಲು ಜಾರದೆ ಕೂತ ಮೇಲೆ ಟವಲು ಮಡಿಸಿ ಚೀಲಕ್ಕೆ ಹಾಕಿಕೊಂಡು, ಕೆ.ಆರ್.ಪೇಟೆಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದಳು.