ಭಾವನನ್ನು ಸೋಲಿಸುವ ವೇಳಾಪಟ್ಟಿ

ಹೊಸತೊಡಕಿನ ದಿನ ಬೇಗೂರಿನ ಮಾವನ ಮನೆಯ ಜಗಲಿಯ ಮೇಲೆ ಕೂತು ಸಿದ್ದಾರ್ಥ ಕಣ್ಣೀರು ಸುರಿಸುತ್ತ ಈರುಳ್ಳಿ ಕುಯ್ಯುತ್ತಿದ್ದ. ಯುಗಾದಿಯ ಮಾರನೆಯ ದಿನ ಆ ಮನೆಯಲ್ಲಿ ಮಟನ್ ಒಲೆಯ ಮೇಲೆ ಏರುವ ಮೊದಲು ಒಂದು ಚೆಸ್ ಆಟ ನಡೆಯಲೇಬೇಕು, ಸೋತವರು ಇಡೀ ಮನೆಗಾಗುವಷ್ಟು ಈರುಳ್ಳಿ ಕುಯ್ಯಬೇಕು. ಈ ಕಾನೂನು ಮಾಡಿದವನು ಹೆಂಡತಿಯ ಅಣ್ಣ ಶಿವರಾಮು. ಮದುವೆಯಾದಾಗಿನಿಂದ ಈರುಳ್ಳಿ ಕುಯ್ದವನು ಸಿದ್ದಾರ್ಥ ಒಬ್ಬನೇ.

ಶಿವರಾಮು ಗುಂಡ್ಲುಪೇಟೆಯಲ್ಲಿ ಬಸ್ ಕಂಡಕ್ಟರ್. ಸೋಲಿಸಿದರೆ ಸಾಲದು, ಸೋತವನನ್ನು ಆಡಿಕೊಳ್ಳಲೂ ಬೇಕು ಅವನಿಗೆ. ಎದುರಾಳಿಯ ಕಾಯಿ ಹೊಡೆದಾಗಲೆಲ್ಲ "ಟಿಕೇಟ್ ತಗಂಡ್ರಾ ಸಾರ್?" ಅನ್ನುವನು. ರಾಜ ಸಿಕ್ಕಿಬಿದ್ದಾಗ "ಲಾಸ್ಟ್ ಸ್ಟಾಪು, ಎಲ್ಲ ಇಳ್ಕಳಿ" ಎಂದು ಜೇಬಿನಿಂದ ಸೀಟಿ ತೆಗೆದು ಬೀದಿಗೆಲ್ಲ ಕೇಳುವಂತೆ ಊದುವನು. ಆ ಸೀಟಿ ಕೇಳಿದರೆ ಬೀದಿಯವರಿಗೆ ಅಳಿಯಂದಿರು ಬಂದಿದ್ದಾರೆ ಎಂದು ಗೊತ್ತಾಗುತ್ತಿತ್ತು.

"ಸಣ್ಣಕ್ಕೆ ಕುಯ್ಯಿ ಬಾವ. ಆಫೀಸ್ ಫೈಲ್ ತರ ದಪ್ಪದಪ್ಪ ಬ್ಯಾಡ" ಎಂದ ಶಿವರಾಮು.

"ಮಾರ್ನಮಿ ಅಬ್ಬಕ್ಕೆ ನಮ್ಮನೆಗೆ ಬತ್ತೀಯಲ್ಲ, ಆಗ ಮಾತಾಡನ" ಎಂದ ಸಿದ್ದಾರ್ಥ, ಮೂಗೊರೆಸಿಕೊಳ್ಳುತ್ತ.

ಹರದನಹಳ್ಳಿಗೆ ವಾಪಸಾದ ಮೇಲೆ ಸಿದ್ದಾರ್ಥ ಮಾಡಿದ ಮೊದಲ ಕೆಲಸ, ಡ್ರಾಯಿಂಗ್ ಶೀಟು ಮತ್ತು ಬಣ್ಣದ ಸ್ಕೆಚ್ ಪೆನ್ನು ಕೊಂಡು ತಂದದ್ದು. ಅವನು ಚಾಮರಾಜನಗರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಯಾವ ಕೆಲಸವೂ ಮೊದಲು ಕಾಗದದ ಮೇಲೆ ಆಗಬೇಕು, ಆಮೇಲೆ ನೆಲದ ಮೇಲೆ ಎಂಬುದು ಅವನ ನಂಬಿಕೆ. ಭಾನುವಾರ ಪೂರ್ತಿ ಕೂತು ಒಂದು ವೇಳಾಪಟ್ಟಿ ಬರೆದ. ನಸುಕಿನಲ್ಲಿ ಎದ್ದು ಕುದುರೆ ಮತ್ತು ಒಂಟೆಗಳ ಪಟ್ಟುಗಳು. ಸಂಜೆ ಆಟ ಶುರುಮಾಡುವ ಬಗೆಗಳು, ಪುಸ್ತಕ ನೋಡಿಕೊಂಡು. ಶನಿವಾರ ಕೊನೆಯಾಟ, ಅಂದರೆ ಕಾಯಿಗಳೆಲ್ಲ ಸತ್ತು ರಾಜರೂ ಸಿಪಾಯಿಗಳೂ ಮಾತ್ರ ಉಳಿದಾಗ ಏನು ಮಾಡಬೇಕೆಂಬುದು. ಭಾನುವಾರ ಮೊಬೈಲಿನಲ್ಲಿ ಪೂರ್ತಿ ಆಟ, ನಂತರ ತಪ್ಪುಗಳ ಪರಾಮರ್ಶೆ. ಕೆಳಗೆ "ಈ ಕೂಡಲೇ ಜಾರಿಗೆ ಬರುವುದು" ಎಂದು ಬರೆದು ರುಜು ಹಾಕಿದ. ಪ್ರತಿಯನ್ನು ಮಾಹಿತಿಗಾಗಿ ಹೆಂಡತಿ ಕುಮಾರಿಗೆ ಎಂದೂ ನಮೂದಿಸಿದ.

ಕುಮಾರಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದಳು. ಹಾಳೆಯನ್ನು ಹೊಲಿಗೆ ಯಂತ್ರದ ಎದುರಿನ ಗೋಡೆಗೆ ಅಂಟಿಸಿದಳು.

ಮಾರನೆಯ ನಸುಕಿನಲ್ಲಿ ಗಂಡನನ್ನು ಅಲುಗಿಸಿದಳು. "ಏಳಿ, ಕುದ್ರೆ ಕಾಯ್ತಾ ಅವೆ."

"ಈ ಟೈಮು ಸರಿಯಿಲ್ಲ ಕಣಮ್ಮಿ. ತಿದ್ದುಪಡಿ ಮಾಡ್ಬೇಕು" ಎಂದು ಅವನು ಕಂಬಳಿ ಮುಸುಕೆಳೆದ.

ತಿದ್ದುಪಡಿ ಆಯಿತು. ಹೊಸ ಹಾಳೆ ಬಂತು. ಅದರಲ್ಲಿ ಕುದುರೆ ಸಂಜೆಗೆ ಹೋಯಿತು. ಸಂಜೆ ಆಫೀಸಿನಿಂದ ಬಂದರೆ ತಲೆನೋವು. ಮತ್ತೊಂದು ಹಾಳೆಯಲ್ಲಿ ತಲೆನೋವಿಗೂ ಒಂದು ಖಾನೆ ಬಂತು. ಆಮೇಲೆ ಬಣ್ಣಗಳು ಸರಿಯಿಲ್ಲವೆಂದು ಇನ್ನೊಂದು. ಸಿದ್ದಾರ್ಥ ನಿಜಕ್ಕೂ ಶ್ರಮಪಡುತ್ತಿದ್ದ, ಗೆರೆ ಎಳೆದು ಎಳೆದು ಬೆರಳು ನೋಯುತ್ತಿತ್ತು. ಚೆಸ್ ಮಣೆಯನ್ನು ಮಾತ್ರ ಮುಟ್ಟಿರಲಿಲ್ಲ.

ಮುಟ್ಟಿದವಳು ಕುಮಾರಿ. ಅವನನ್ನು ಎಬ್ಬಿಸಲು ಆ ನಸುಕಿನಲ್ಲಿ ಎದ್ದವಳಿಗೆ ಮತ್ತೆ ನಿದ್ದೆ ಬರಲಿಲ್ಲ, ಮರುದಿನದಿಂದ ಅದೇ ರೂಢಿಯಾಯಿತು. ಮೊದಲ ಹಾಳೆ ಎದುರಿಗೇ ಇತ್ತು, ಪುಸ್ತಕ ಕಪಾಟಿನಲ್ಲಿತ್ತು. ಚಿಕ್ಕಂದಿನಲ್ಲಿ ಅಣ್ಣನ ಆಟಕ್ಕೆ ಕಾಯಿ ಜೋಡಿಸಿ ಕೊಡುವುದು ಅವಳ ಕೆಲಸವಾಗಿತ್ತು. ನಂಗೂ ಹೇಳ್ಕೊಡು ಅಂದರೆ "ನಿಂಗ್ಯಾಕಮ್ಮಿ ಇದು, ಕಾಯಿ ಜೋಡ್ಸು ಸಾಕು" ಅನ್ನುತ್ತಿದ್ದ ಅವನು. ಜೋಡಿಸುತ್ತ ಜೋಡಿಸುತ್ತ ನಡೆಗಳನ್ನು ನೋಡಿಯೇ ಕಲಿತಿದ್ದಳು. ಅದಕ್ಕಿಂತ ಮುಂದೆ ಯಾರೂ ಕರೆದೊಯ್ದಿರಲಿಲ್ಲ. ಈಗ ಗಂಡನ ರುಜು ಇದ್ದ ಆದೇಶವೇ ಕರೆಯುತ್ತಿತ್ತು.

ಎದುರಿಗೆ ಆಡಲು ಜನ ಬೇಕಿತ್ತು, ಅತ್ತೆಗೇ ನಡೆಗಳನ್ನು ಹೇಳಿಕೊಟ್ಟು ಕೂರಿಸಿಕೊಂಡಳು. ಅತ್ತೆ ದೊಡ್ಡಮಾದಮ್ಮ ಹುಲಿ-ಕುರಿ ಆಟದಲ್ಲಿ ಎತ್ತಿದ ಕೈ, ಆದರೆ ಆಟಕ್ಕಿಂತ ಮೋಸದಲ್ಲಿ ಹೆಚ್ಚು. ಕುಮಾರಿ ಪುಸ್ತಕ ನೋಡಲು ತಲೆ ತಗ್ಗಿಸಿದರೆ ಸಾಕು, ಮಣೆಯಿಂದ ಒಂದು ಆನೆ ಮಾಯವಾಗುತ್ತಿತ್ತು.

"ಅತ್ತೆ, ನನ್ ಆನೆ ಎಲ್ಲಿ?"

"ಕಾಡಿಗೆ ಓಯ್ತು ಕಣಮ್ಮಿ. ಆನೆ ಇನ್ನೆಲ್ಲಿಗೋದದು?"

ಹೀಗಾಗಿ ಕುಮಾರಿ ಇಡೀ ಮಣೆಯನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳುವುದನ್ನು ಕಲಿತಳು. ಸಿದ್ದಾರ್ಥ ಏಳುವಷ್ಟರಲ್ಲಿ ಕಾಯಿಗಳು ಡಬ್ಬಿ ಸೇರಿರುತ್ತಿದ್ದವು. ಅತ್ತೆ ಏನೂ ಅರಿಯದವಳಂತೆ ಅಲಸಂದೆಕಾಯಿ ಸುಲಿಯುತ್ತಿದ್ದಳು. ಅವನ ಹಳೆಯ ಮೊಬೈಲಿನಲ್ಲಿ ಭಾನುವಾರದ ಆಟಗಳೂ ನಡೆದವು. ಮೊದಮೊದಲು ಯಾರ್ಯಾರೋ ಅವಳನ್ನು ಸೋಲಿಸಿದರು. ಸೋತದ್ದೆಲ್ಲಿ ಎಂದು ಹೊಲಿಯುತ್ತಲೇ ಯೋಚಿಸುವಳು. ಒಮ್ಮೆ ಹಾಗೆ ಯೋಚಿಸುತ್ತ ಪಕ್ಕದ ಮನೆಯ ಶಾಂತಮಲ್ಲಮ್ಮನ ರವಿಕೆಗೆ ಎರಡೂ ಕಡೆ ಎಡಗೈ ತೋಳನ್ನೇ ಇಟ್ಟುಬಿಟ್ಟಿದ್ದಳು.

ಮಾರ್ನಮಿ ಹಬ್ಬ ಬಂತು. ಹಿರಿಯರಿಗೆ ಎಡೆಯಿಡುವ ದಿನ. ಶಿವರಾಮು ಬೇಗೂರಿನಿಂದ ಬೆಳಿಗ್ಗೆಯೇ ಬಂದವನು, ಚಾಪೆಯ ಮೇಲೆ ಕೂತು ಕೈ ಉಜ್ಜಿಕೊಂಡ.

"ಎಲ್ಲಿ ಬಾವ, ಮಣೆ ತತ್ತೀಯಾ, ಇಲ್ಲ ಸೀದಾ ಈರುಳ್ಳಿ ಬುಟ್ಟೀನೇ ತತ್ತೀಯಾ?"

"ಇವತ್ತು ಆಗಕಿಲ್ಲ ಕಣ" ಎಂದ ಸಿದ್ದಾರ್ಥ ಗಂಭೀರವಾಗಿ. "ಅಂತಿಮ ವೇಳಾಪಟ್ಟಿ ನೆನ್ನೆ ತಾನೆ ರೆಡಿಯಾಗದೆ. ಸೋಮವಾರದಿಂದ ಜಾರಿ."

ಶಿವರಾಮು ನಕ್ಕ ನಗೆಗೆ ಕೊಟ್ಟಿಗೆಯ ಕರು ಬೆಚ್ಚಿತು. "ಅಲ್ಲಾ ಬಾವ, ಬಸ್ಸೇ ಇಲ್ದೆ ಟೈಮ್ ಟೇಬಲ್ ಆಕಂಡು ಕೂತಿದ್ದೀಯಲ್ಲ!"

ಒಳಗಿನಿಂದ ಕುಮಾರಿ ಮಣೆ ತಂದು ನಡುವೆ ಇಟ್ಟಳು. ಕಾಯಿ ಜೋಡಿಸಿದಳು. ಜೋಡಿಸಿ ಏಳಲಿಲ್ಲ, ಸೆರಗು ಸಿಕ್ಕಿಸಿಕೊಂಡು ಅಲ್ಲೇ ಕೂತಳು.

"ಅವ್ರ ಬದ್ಲು ನಾ ಆಡ್ತೀನಿ ಕಣಣ್ಣ."

"ನೀನಾ? ಓಗಮ್ಮಿ, ಒಲೆ ಮೇಲೆ ಏನಿಟ್ಟಿದ್ದೀಯ ನೋಡೋಗು."

"ಒಲೆ ಅತ್ತೆ ನೋಡ್ಕತಾರೆ. ನೀನು ನಿನ್ ಸಿಪಾಯಿ ನೋಡ್ಕೊ" ಎಂದು ಕುಮಾರಿ ಮೊದಲ ನಡೆ ನಡೆಸಿಯೇಬಿಟ್ಟಳು.

ಸಿದ್ದಾರ್ಥ ಮಣೆಯ ಹತ್ತಿರಕ್ಕೆ ಬಗ್ಗಿದ. ಶಿವರಾಮು ಮಗುವಿನ ಜೊತೆ ಆಡುವವನಂತೆ ಆಡತೊಡಗಿದ. ಒಂದು ಸಿಪಾಯಿ ಹೊಡೆದು "ಟಿಕೇಟ್ ತಗಂಡ್ರಾ?" ಎಂದ. ಅವಳು ಆ ಸಿಪಾಯಿಯನ್ನು ಬೇಕೆಂದೇ ಬಿಟ್ಟಿದ್ದಳು. ಸ್ವಲ್ಪ ಹೊತ್ತಿನಲ್ಲಿ ಅವಳ ಕುದುರೆ ಅವನ ರಾಜನಿಗೂ ಆನೆಗೂ ಒಟ್ಟಿಗೇ ಗುರಿಯಿಟ್ಟು ನಿಂತಿತು. ಶಿವರಾಮು ಮಾತು ನಿಲ್ಲಿಸಿದ. ಅವನು ಮಾತು ನಿಲ್ಲಿಸಿದ್ದನ್ನು ಆ ಮನೆಯವರು ಯಾರೂ ಕಂಡಿರಲಿಲ್ಲ.

ಅಡಿಗೆಮನೆಯಿಂದ ದೊಡ್ಡಮಾದಮ್ಮ ಬೋಟಿ ಗೊಜ್ಜು ತಂದು ಅವನ ಮುಂದಿಟ್ಟಳು. "ತಿನ್ನು ಕೂಸು, ಉಪ್ಪು ಸರಿಯಾಗದಾ ಏಳು." ಅವನು ಯೋಚಿಸುವಾಗಲೆಲ್ಲ ಉಪ್ಪು, ಖಾರ, ಅವನ ಹೆಂಡತಿಯ ಮಂಡಿನೋವು, ಹಿತ್ತಲ ನಿಂಬೆಗಿಡ ಎಂದು ಒಂದೊಂದನ್ನೇ ವಿಚಾರಿಸಿದಳು.

"ಅತ್ತೆ, ನೀವು ಸುಮ್ನಿರಿ. ಸುಮ್ನಿದ್ರೂ ಗೆಲ್ತೀನಿ" ಎಂದಳು ಕುಮಾರಿ.

ಗೆದ್ದಳು. ಆನೆಯನ್ನು ಕೊನೆಯ ಸಾಲಿಗೆ ತಳ್ಳಿ ಕೈ ಹಿಂದೆಗೆದಾಗ ಶಿವರಾಮು ಮಣೆಯನ್ನು ಆ ಕಡೆಯಿಂದ ನೋಡಿದ, ಈ ಕಡೆಯಿಂದ ನೋಡಿದ. ಅವನ ರಾಜನಿಗೆ ಎಲ್ಲೂ ಜಾಗವಿರಲಿಲ್ಲ. ಸೀಟಿ ಮೇಲಂಗಿಯ ಜೇಬಿನಲ್ಲಿತ್ತು. ಕುಮಾರಿ ಕೈಚಾಚಿ ಅದನ್ನು ಎತ್ತಿಕೊಂಡು, ಬಾಗಿಲಿಗೆ ಹೋಗಿ, ಕೆನ್ನೆಯುಬ್ಬಿಸಿ ಊದಿದಳು.

ಶಿವರಾಮುವಿನ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಆಮೇಲೆ ತಾನೇ ಎದ್ದು ಈರುಳ್ಳಿ ಬುಟ್ಟಿ ಎಳೆದುಕೊಂಡ. ಕುಯ್ಯುತ್ತ, ಕಣ್ಣೊರೆಸುತ್ತ ಕೇಳಿದ, "ಯಾರಮ್ಮಿ ಏಳ್ಕೊಟ್ಟೋರು?"

ಕುಮಾರಿ ಗೋಡೆ ತೋರಿಸಿದಳು. ಸಿದ್ದಾರ್ಥ ಹತ್ತಿರ ಹೋಗಿ ತನ್ನ ರುಜುವನ್ನೇ ನೋಡಿದ. ಮೊದಲು ನಾಚಿಕೆಯಾಯಿತು. ನಂತರ ಎದೆಯುಬ್ಬಿತು. "ಯೋಜನೆ ಯಾರದ್ದು ಏಳು ಮತ್ತೆ!" ಎಂದು ಭಾವನ ಕಡೆ ತಿರುಗಿದ.

"ಯೋಜನೆ ನಿಂದು, ಯೇಚ್ನೆ ಅವಳ್ದು. ಉಣ್ಣಕ್ಕೆ ಮುಂಚೆ ಬಾಯ್ಮುಚ್ಕೊಂಡು ಬೆಳ್ಳುಳ್ಳಿ ಸುಲೀಲಾ" ಎಂದಳು ದೊಡ್ಡಮಾದಮ್ಮ.

ಹಬ್ಬ ಮುಗಿದ ಮೇಲೆ ಶಿವರಾಮುವಿಗೆ ಹರದನಹಳ್ಳಿಯ ಮೇಲೆ ಹೋಗುವ ರೂಟು ಬಿತ್ತು. ಬಿತ್ತೋ, ಕೇಳಿ ಹಾಕಿಸಿಕೊಂಡನೋ, ಅವನು ಹೇಳಲಿಲ್ಲ. ಬಸ್ಸು ನಿಂತಾಗ ಫುಟ್‌ಬೋರ್ಡಿನಿಂದ ಒಂದು ನಡೆ ಕೂಗುವನು. ನಿಲ್ದಾಣದ ಎದುರಿಗೇ ಇದ್ದ ಮನೆಯ ಬಾಗಿಲಲ್ಲಿ ಕುಮಾರಿ ಕೇಳಿಸಿಕೊಂಡು, ಬಸ್ಸು ವಾಪಸು ಬರುವಾಗ ತನ್ನ ನಡೆ ಕೂಗುವಳು. ಮಣೆ ಹೊಲಿಗೆ ಯಂತ್ರದ ಪಕ್ಕದ ಸ್ಟೂಲಿನ ಮೇಲಿರುತ್ತಿತ್ತು. ಡ್ರೈವರ್ ಮಹದೇವಸ್ವಾಮಿ ಮೊದಲು ಬೈದ, ಆಮೇಲೆ "ರಾಣಿ ಬುಟ್ಕೊಡ್ಬ್ಯಾಡ ಕಣ್ಲಾ" ಎಂದು ಅವನೇ ಸ್ಟಿಯರಿಂಗ್ ಮೇಲಿಂದ ಸಲಹೆ ಕೊಡತೊಡಗಿದ. ಪ್ರಯಾಣಿಕರಲ್ಲಿ ಅಣ್ಣನ ಪಕ್ಷ, ತಂಗಿಯ ಪಕ್ಷ ಎಂದು ಎರಡಾದವು.

ಒಂದು ಬೆಳಿಗ್ಗೆ ಕುಮಾರಿ ರವಿಕೆಯ ಅಳತೆ ತೆಗೆಯುತ್ತಿದ್ದಳು. "ಸಿಪಾಯಿ ಮುಂದಕ್ಕೆ ಅಂತ ಅಣ್ಣಂಗೆ ಏಳ್ಬುಡಿ" ಎಂದು ಅದೇ ಬಸ್ಸಿಗೆ ಹೊರಟ ಗಂಡನ ಕೈಲಿ ನಡೆ ಕಳಿಸಿದಳು. ಸಿದ್ದಾರ್ಥ ಬಸ್ ಹತ್ತಿದ. ಶಿವರಾಮು ಏನು ಎಂಬಂತೆ ಹುಬ್ಬು ಹಾರಿಸಿದ. ಬಸ್ಸೆಲ್ಲ ಇವನ ಬಾಯನ್ನೇ ನೋಡಿತು. ಸಿದ್ದಾರ್ಥನಿಗೆ ಏನನ್ನಿಸಿತೋ, "ಒಂಟೆ, ಕುದ್ರೆ ಪಕ್ಕಕ್ಕೆ" ಎಂದುಬಿಟ್ಟ.

ಸಂಜೆಯೊಳಗೆ ಸುದ್ದಿ ಅವನಿಗಿಂತ ಮೊದಲೇ ಮನೆಗೆ ಬಂದಿತ್ತು.

"ಒಂಟೆ ನಡ್ಸಕ್ಕೆ ಏಳ್ದೋರ್ಯಾರು?" ಕುಮಾರಿ ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲೇ ನಿಂತಿದ್ದಳು.

"ನಾನೇ."

"ಯಾವ ವೇಳಾಪಟ್ಟೀಲಿತ್ತು?"

"ಯಾವ್ದ್ರಲ್ಲೂ ಇರ್ಲಿಲ್ಲ. ಬಸ್ಸಲ್ಲಿ ನಿಂತಾಗ ಒಳೀತು."

ಅವಳು ಮಣೆಯ ಮುಂದೆ ಬಗ್ಗಿ ಬಹಳ ಹೊತ್ತು ನೋಡಿದಳು. ತುಟಿ ಕಚ್ಚಿದಳು. ಒಂಟೆಯನ್ನು ಕುದುರೆಯ ಪಕ್ಕಕ್ಕಿಟ್ಟು ಮತ್ತೆ ನೋಡಿದಳು.

"ಅಷ್ಟು ಕೆಟ್ದಾಗೇನಿಲ್ಲ" ಎಂದಳು ಕೊನೆಗೆ. ಹೊಸದಾಗಿ ತಂದಿಟ್ಟಿದ್ದ ಇನ್ನೊಂದು ಮಣೆಯನ್ನು ಚಾಪೆಯ ಮೇಲಿಟ್ಟು ಅದರ ಕಾಯಿಗಳನ್ನು ಸುರಿದಳು. "ಕೈಕಾಲು ತೊಳ್ಕೊಂಡು ಬನ್ನಿ. ಒಂದಾಟ ಆಡನ."